ಹಾಜರಿ ಹಾಕದ ಪದಗಳು

ಮಾರ್ಚ್ 4

ನೆನಪಿನ ಪರೀಕ್ಷೆ ಮಾಡುವ ಮೇಡಂ ಅವರಿಗೆ,

ವರದಿಯ ಕೆಳಗಿರುವ ಸಹಿ ಕೋಳಿ ಕೆದರಿದ ಹಾಗಿದೆ. ನಿಮ್ಮ ಹೆಸರು ಓದಲಾಗಲಿಲ್ಲ. ನನ್ನ ತಮ್ಮನ ಗುರುತು ನಿಮಗಿರಬೇಕು. ಫೆಬ್ರವರಿ ಹನ್ನೊಂದಕ್ಕೆ ಬಸ್ಸು, ರೈಲು ಬದಲಿಸಿ ನಿಮ್ಮ ಆಸ್ಪತ್ರೆಯ ಮೂರನೇ ಮಹಡಿಗೆ ಅವನನ್ನು ಕರೆತಂದಿದ್ದೆ. ನೀಲಿ ಅಂಗಿ, ಎಡಹುಬ್ಬಿನ ಮೇಲೆ ಗಾಯದ ಗೀರು. ಅವನನ್ನು ಒಂದೂವರೆ ಗಂಟೆ ಒಳಗೆ ಕೂರಿಸಿಕೊಂಡಿರಿ, ನನ್ನನ್ನು ಹೊರಗಿನ ಬೆಂಚಿಗೆ ಅಟ್ಟಿದಿರಿ.

ನಾವಿಬ್ಬರೂ ಲೇಬಲ್ ಛಾಪಿಸುವ ಪ್ರೆಸ್ಸಿನ ಕೆಲಸಗಾರರು. ನಾನು ಅಂಟು ಹಚ್ಚುವ ಹಾಲ್‌ನಲ್ಲಿ ಹತ್ತೊಂಬತ್ತು ವರ್ಷ ಕಳೆದವಳು, ಕಾರ್ಮಿಕ ಸಂಘದ ಕಾರ್ಯದರ್ಶಿ. ಅವನು ಮೆಷಿನ್ನಿನ ರೋಲರ್ ತೊಳೆಯುವವನು. ತೊಳೆಯುವ ಕೆಲಸದವನಾದರೂ ಲೇಬಲ್ಲಿನ ಕಾಗುಣಿತದ ತಪ್ಪು ಅವನ ಕಣ್ಣಿಗೇ ಮೊದಲು ಬೀಳುತ್ತಿತ್ತು. ಅದಕ್ಕೆ ಎಲ್ಲರೂ ಅವನನ್ನು ಮೇಷ್ಟ್ರು ಅನ್ನುತ್ತಿದ್ದರು. ನವೆಂಬರ್ ಹತ್ತೊಂಬತ್ತರಂದು ತೊಳೆಯುವ ಕೋಣೆಯಿಂದ ಅವನನ್ನು ಹೊತ್ತು ಹೊರಗೆ ತಂದೆವು. ಶಾಯಿ ತೊಳೆಯುವ ಥಿನ್ನರ್ ಆವಿ ಕುಡಿದು ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು. ಬದುಕಿಕೊಂಡ. ಆದರೆ ಅವತ್ತಿನಿಂದ ಈಚಿನದು ಯಾವುದೂ ಅವನ ತಲೆಯಲ್ಲಿ ನಿಲ್ಲುತ್ತಿಲ್ಲ. ಚಿಕ್ಕಂದಿನದು ಗೊತ್ತು, ಪ್ರೆಸ್ಸಿಗೆ ಸೇರಿದ ದಿನ ಗೊತ್ತು. ಬೆಳಿಗ್ಗೆ ಕುಡಿದ ಚಹಾ ಗೊತ್ತಿಲ್ಲ.

ಇಂಥವನ ಬಗ್ಗೆ ನೀವು ಬರೆದಿದ್ದೀರಿ: "ನೆನಪಿಲ್ಲವೆಂದು ನಟಿಸುತ್ತಿದ್ದಾರೆ."

ಮೇ ಹನ್ನೆರಡಕ್ಕೆ ಕಾರ್ಮಿಕ ಮಂಡಳಿಯ ಮುಂದೆ ವಿಚಾರಣೆ ಇದೆ. ನಿಮ್ಮ ಈ ಒಂದು ಸಾಲನ್ನು ಪ್ರೆಸ್ಸಿನ ಮಾಲೀಕರು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ. ಅದು ನಿಂತರೆ ನನ್ನ ತಮ್ಮ ಮೋಸಗಾರನೆಂದು ಕೆಲಸದಿಂದ ಹೋಗುತ್ತಾನೆ, ಪ್ರೆಸ್ಸಿನವರು ಕೊಟ್ಟ ಮನೆ ಹೋಗುತ್ತದೆ, ಔಷಧಿ ನಿಲ್ಲುತ್ತದೆ. ಅವನು ಬಿದ್ದ ಆ ಕೋಣೆಗೆ "ಸುರಕ್ಷಿತ" ಅನ್ನುವ ಕಾಗದ ಸಿಗುತ್ತದೆ. ಈಗಾಗಲೇ ಅಲ್ಲಿಗೆ ಇನ್ನೊಬ್ಬನನ್ನು ಇಳಿಸಿದ್ದಾರೆ.

ಹದಿನಾಲ್ಕು ವರ್ಷ ವಿಷದಲ್ಲಿ ಕೈ ಅದ್ದಿದವನು ನಾಟಕ ಮಾಡುತ್ತಾನಾ? ಆ ಸಾಲು ಬರೆದವರು ಯಾರು? ನನಗೆ ಉತ್ತರ ಬೇಕು.

ಮೇಷ್ಟ್ರ ಅಕ್ಕ

*

ಮಾರ್ಚ್ 13

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ನಾನು ವೈದ್ಯೆಯಲ್ಲ, ಈ ವಿಭಾಗದಲ್ಲಿ ಪರೀಕ್ಷಕಿ. ತಾವು ಕೇಳಿರುವ ವರದಿ ವಿಭಾಗದ ವರದಿ. ಅದಕ್ಕೆ ವೈಯಕ್ತಿಕವಾಗಿ ಯಾರೂ ಉತ್ತರದಾಯಿಗಳಲ್ಲ.

ಪರೀಕ್ಷೆ ನಡೆದ ಕ್ರಮ ತಿಳಿಸಬಹುದು. ತಮ್ಮ ಸಹೋದರರಿಗೆ ಇಪ್ಪತ್ತನಾಲ್ಕು ಪದಗಳನ್ನು ಒಂದೊಂದಾಗಿ ಕಾರ್ಡಿನಲ್ಲಿ ತೋರಿಸಲಾಯಿತು. ಹತ್ತು ನಿಮಿಷ ಬೇರೆ ಮಾತಾಡಿದ ಬಳಿಕ, ತೋರಿಸಿದ ಪದಗಳನ್ನು ಹೇಳುವಂತೆ ಕೇಳಲಾಯಿತು. ಒಂದನ್ನೂ ಹೇಳಲಿಲ್ಲ. ಪದ ತೋರಿಸಿದ್ದೇ ಇಲ್ಲ ಎಂದರು. ನಂತರ ಪದಗಳ ಮೊದಲ ಅಕ್ಷರಗಳನ್ನಷ್ಟೇ ಬರೆದ ಹಾಳೆ ಕೊಟ್ಟು ಪೂರ್ತಿ ಮಾಡಲು ಹೇಳಲಾಯಿತು. "ಕಂಬ" ಎಂದಿದ್ದಲ್ಲಿ "ಕಂಬಳಿ" ಬರೆದರು, "ಕತ್ತ" ಎಂದಿದ್ದಲ್ಲಿ "ಕತ್ತರಿ" ಬರೆದರು. ಎರಡೂ ಪಟ್ಟಿಯಲ್ಲಿದ್ದ ಪದಗಳು. ಹೀಗೆ ಇಪ್ಪತ್ತನಾಲ್ಕರಲ್ಲಿ ಹದಿನಾಲ್ಕು ಪದಗಳು ಪಟ್ಟಿಯವೇ ಬಂದವು. ಗೊತ್ತಿಲ್ಲ ಎಂದವರು ಹದಿನಾಲ್ಕು ಪದ ಬರೆದಿದ್ದರಿಂದ ವರದಿ ಆ ಅಭಿಪ್ರಾಯಕ್ಕೆ ಬಂದಿದೆ.

ಇದಕ್ಕಿಂತ ಹೆಚ್ಚು ತಿಳಿಸುವ ಅಧಿಕಾರ ನನಗಿಲ್ಲ.

ಪರೀಕ್ಷಕಿ, ನೆನಪಿನ ಪರೀಕ್ಷಾ ವಿಭಾಗ

*

ಮಾರ್ಚ್ 19

ಪರೀಕ್ಷಕಿಯವರೇ,

"ಕೇಳಲಾಯಿತು", "ತೋರಿಸಲಾಯಿತು", "ಹೇಳಲಾಯಿತು". ನಿಮ್ಮ ವಿಭಾಗದಲ್ಲಿ ಕೈ ಇರುವ ಮನುಷ್ಯರು ಯಾರೂ ಇಲ್ಲವಾ? ನಮ್ಮ ಮ್ಯಾನೇಜರ್ ಕೂಡ ಹೀಗೇ. "ತೆಗೆದುಹಾಕಲಾಗಿದೆ" ಅಂತ ಬೋರ್ಡಿಗೆ ಚೀಟಿ ಅಂಟಿಸುತ್ತಾನೆ. ತೆಗೆದದ್ದು ಯಾರಪ್ಪಾ ಅಂದರೆ ಗೋಡೆ ಕಡೆ ನೋಡುತ್ತಾನೆ.

ನಮ್ಮ ಮನೆ ಹೇಗಿದೆ ಹೇಳುತ್ತೇನೆ, ಕೇಳಿ. ಒಂದು ಕೋಣೆ, ಒಂದು ಅಡುಗೆ ಮೂಲೆ. ಬೆಳಿಗ್ಗೆ ಆರೂವರೆಗೆ ಅವನು ಅಂಗಿ ಹಾಕಿಕೊಂಡು ತಯಾರಾಗಿ ನಿಲ್ಲುತ್ತಾನೆ.

"ಅಕ್ಕಾ, ಡ್ಯೂಟಿಗೆ ಹೊತ್ತಾಯ್ತು."

"ನಿನಗೆ ರಜೆ ಕಣೋ."

"ಯಾರು ಕೊಟ್ಟಿದ್ದು? ಮ್ಯಾನೇಜರಾ? ಹಂಗಾದ್ರೆ ಅವನಿಗೇ ಏನೋ ಆಗಿದೆ, ಮೊದಲು ಆಸ್ಪತ್ರೆಗೆ ಸೇರಿಸ್ರೀ ಅವನ್ನ."

ಈ ತಮಾಷೆ ದಿನಕ್ಕೆ ನಾಲ್ಕು ಸಲ. ನಾಲ್ಕು ಸಲವೂ ಅವನಿಗೆ ಆಗಷ್ಟೇ ಹೊಳೆದದ್ದು. ನಾನು ನಾಲ್ಕು ಸಲವೂ ನಗುತ್ತೇನೆ. ನಗದಿದ್ದರೆ "ಯಾಕೆ ಮುಖ ಊದಿಸ್ಕೊಂಡಿದೀಯ, ಏನಾಯ್ತು" ಅಂತ ಹಿಂದೆ ಬೀಳುತ್ತಾನೆ. ಏನಾಯಿತು ಅಂತ ಹೇಳಬೇಕಾಗುತ್ತದೆ. ಹೇಳಿದರೆ ಅವನ ಮುಖ ನೋಡಲಾಗುವುದಿಲ್ಲ. ಇದು ನಾಟಕವಾದರೆ ಇದಕ್ಕಿಂತ ಕೆಟ್ಟ ನಾಟಕ ಈ ಭೂಮಿ ಮೇಲೆ ಇಲ್ಲ. ನೋಡುವವಳು ನಾನೊಬ್ಬಳೇ.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ನಿಮ್ಮ ಹದಿನಾಲ್ಕು ಪದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಹೊತ್ತು ಹೋಗಲಿ ಅಂತ ಅವನಿಗೊಂದು ಪದಬಂಧದ ಪುಸ್ತಕ ತಂದುಕೊಟ್ಟಿದ್ದೇನೆ. ಪೆನ್ಸಿಲಿನಲ್ಲಿ ತುಂಬುತ್ತಾನೆ. ಹೋದ ಸೋಮವಾರ ಒಂದನ್ನು ತುಂಬಲು ನಲವತ್ತು ನಿಮಿಷ ಹಿಡಿಯಿತು. ಅಳಿಸಿಟ್ಟೆ. ಗುರುವಾರ ಅದನ್ನೇ ಮತ್ತೆ ಕೊಟ್ಟೆ. "ಇದು ಹೊಸದಾ?" ಅಂದ. ಹದಿನೈದು ನಿಮಿಷಕ್ಕೆ ಮುಗಿಸಿ "ಮಕ್ಕಳಿಗೆ ಮಾಡಿದ್ದು ಕೊಟ್ಟಿದೀಯಲ್ಲೇ, ನನ್ನನ್ನ ಏನಂದ್ಕೊಂಡಿದೀಯ" ಅಂತ ನನ್ನನ್ನೇ ರೇಗಿಸಿದ.

ಆಗ ನನಗೂ ಅನುಮಾನ ಬಂತು. ಅವನ ಕೈಯಿಂದ ಪುಸ್ತಕ ಕಿತ್ತುಕೊಂಡು "ನಿಜ ಹೇಳೋ, ನನ್ನ ಹತ್ರನೂ ನಾಟಕನಾ?" ಅಂತ ಕೂಗಿದೆ. ಅವನು ಮಗುವಿನ ಹಾಗೆ ಪಿಳಿಪಿಳಿ ನೋಡಿದ. ಐದು ನಿಮಿಷಕ್ಕೆ ಮರೆತ. ನನಗೆ ಮರೆಯಲು ಬರುವುದಿಲ್ಲ.

ಬೈಯಲಿಕ್ಕೆ ಶುರು ಮಾಡಿದ ಕಾಗದವನ್ನು ಕೇಳಿಕೊಂಡು ಮುಗಿಸುತ್ತಿದ್ದೇನೆ. ಅವನು ಸುಳ್ಳು ಹೇಳುತ್ತಿದ್ದಾನಾ?

ಮೇಷ್ಟ್ರ ಅಕ್ಕ

*

ಮಾರ್ಚ್ 30

ಅಕ್ಕನವರೇ,

ಇಲ್ಲ. ಅವರು ಸುಳ್ಳು ಹೇಳುತ್ತಿಲ್ಲ.

ನಿಮ್ಮ ಪದಬಂಧದ ಮಾತು ಓದಿದ ಮೇಲೆ ಬೀರುವಿನಿಂದ ಅವರ ಉತ್ತರದ ಹಾಳೆ ತೆಗೆದು ನೋಡಿದೆ. ಹಾಳೆಯ ತಲೆಯ ಮೇಲೆ ಸೂಚನೆ ಅಚ್ಚಾಗಿದೆ: "ಮೊದಲು ಹೊಳೆದ ಪದ ಬರೆಯಿರಿ." ನೆನಪಿಸಿಕೊಂಡು ಬರೆಯಿರಿ ಎಂದಲ್ಲ. ವರದಿಯಲ್ಲಿ ಈ ಸೂಚನೆ ಬಿಟ್ಟುಹೋಗಿದೆ. "ಪದಗಳನ್ನು ನೆನಪಿಸಿಕೊಂಡು ಬರೆದರು" ಎಂದು ಬಂದಿದೆ. ಎರಡಕ್ಕೂ ಅಜಗಜಾಂತರ.

ಆಮೇಲೆ ಅದೇ ಕಾರ್ಡುಗಳನ್ನು ಇಲ್ಲಿನ ಹತ್ತು ಜನರಿಗೆ ತೋರಿಸಿದೆ. ಇಬ್ಬರು ನರ್ಸುಗಳು, ಲಿಫ್ಟಿನವರು, ನೆಲ ಒರೆಸುವ ಮೂವರು ಹೆಂಗಸರು, ಉಳಿದವರು ಗುಮಾಸ್ತರು. ಪದಗಳನ್ನು ಹೇಳಿ ಎಂದರೆ ಹತ್ತೋ ಹನ್ನೆರಡೋ ಹೇಳಿದರು. ನಿಮ್ಮ ತಮ್ಮ ಸೊನ್ನೆ. ಮೊದಲು ಹೊಳೆದದ್ದು ಬರೆಯಿರಿ ಎಂದರೆ ಅವರು ಹದಿಮೂರು, ಹದಿನಾಲ್ಕು, ಹದಿನೈದು. ನಿಮ್ಮ ತಮ್ಮ ಹದಿನಾಲ್ಕು. ಪದಗಳನ್ನು ನೋಡದೇ ಇದ್ದವರಿಗೆ ಹಾಳೆ ಕೊಟ್ಟರೆ ಎರಡೋ ಮೂರೋ ತಾನಾಗಿ ಹೊಂದುತ್ತವೆ, ಅಷ್ಟೇ. ಅಂದರೆ ಒಂದು ಬಗೆಯ ನೆನಪು ಅವರಲ್ಲಿ ಪೂರ್ತಿ ಹೋಗಿದೆ, ಇನ್ನೊಂದು ಬಗೆಯದು ನಮ್ಮೆಲ್ಲರಷ್ಟೇ ಗಟ್ಟಿಯಾಗಿದೆ.

ನಾನು ಓದಿಕೊಂಡಿದ್ದನ್ನು ಸರಳವಾಗಿ ಹೇಳುತ್ತೇನೆ. ಕಿವಿಗಳ ಮಟ್ಟದಲ್ಲಿ, ತಲೆಯ ಒಳಗೆ, ಎಡಕ್ಕೊಂದು ಬಲಕ್ಕೊಂದು ಕಿರುಬೆರಳಿನಷ್ಟು ಭಾಗವಿದೆ. ಏನು ಕಂಡೆ, ಎಲ್ಲಿ, ಯಾವಾಗ, ಯಾರ ಜೊತೆ ಎಂಬುದನ್ನೆಲ್ಲ ಒಟ್ಟಿಗೆ ಕಟ್ಟಿ ಇಡುವುದು ಅದು. ಗಾಳಿ ಕಡಿಮೆಯಾದರೆ ಮೊದಲು ಏಟು ತಿನ್ನುವ ಜಾಗಗಳಲ್ಲಿ ಅದೂ ಒಂದು. ಪದವನ್ನು ನೋಡಿ ಗುರುತಿಸುವ ಕೆಲಸ ಬೇರೆಯದು, ತಲೆಯ ಹಿಂಭಾಗದ ಕಡೆ ನಡೆಯುತ್ತದೆ. ಒಂದು ಪದವನ್ನು ಒಮ್ಮೆ ನೋಡಿದರೆ ಆ ಜಾಗಕ್ಕೆ ಎರಡನೇ ಸಲ ಕಡಿಮೆ ದುಡಿಮೆ ಸಾಕು. ದಾರಿ ಸವೆದಿರುತ್ತದೆ. ನಡೆದವನಿಗೆ ತಾನು ನಡೆದದ್ದು ಗೊತ್ತಿಲ್ಲದಿದ್ದರೂ ದಾರಿ ಸವೆದಿರುತ್ತದೆ. ಪದಬಂಧ ಹದಿನೈದು ನಿಮಿಷಕ್ಕೆ ಮುಗಿದದ್ದು ಹೀಗೆ.

ಇನ್ನೂ ಒಂದು ಮಾತು. ಇದಕ್ಕೆ ಓದೂ ಬೇಡ. ನೆನಪಿಲ್ಲವೆಂದು ನಟಿಸುವವನು ಪಟ್ಟಿಯ ಪದಗಳನ್ನು ಬೇಕೆಂದೇ ತಪ್ಪಿಸುತ್ತಾನೆ. ಸಿಕ್ಕಿಬೀಳುವ ಉತ್ತರವನ್ನು ತಾನಾಗಿ ಬರೆದುಕೊಡುವುದಿಲ್ಲ. ವಿಭಾಗ ಇದನ್ನು ಗಮನಿಸಬೇಕಿತ್ತು.

ವರದಿ ತಿದ್ದಬೇಕಾದರೆ ನಮ್ಮ ವಿಭಾಗದ ಮುಖ್ಯಸ್ಥರು ಒಂದು ಆಧಾರ ಕೇಳುತ್ತಿದ್ದಾರೆ. ಮೆದುಳಿಗೆ ಗಾಳಿ ತಪ್ಪಿದ್ದು ನಿಜವೇ, ಎಷ್ಟು ಹೊತ್ತು? ಪ್ರೆಸ್ಸಿನವರು ಕೊಟ್ಟ ಕಾಗದದಲ್ಲಿ "ಕೋಣೆಯ ಬಾಗಿಲ ಸ್ಥಿತಿ ತಿಳಿದುಬಂದಿಲ್ಲ" ಎಂದಿದೆ. ಬಾಗಿಲು ತೆರೆದಿತ್ತೋ ಮುಚ್ಚಿತ್ತೋ? ಅವರು ಎಷ್ಟು ಹೊತ್ತು ಒಳಗಿದ್ದರು? ದಯವಿಟ್ಟು ತಿಳಿಸಿ.

ಪರೀಕ್ಷಕಿ

*

ಏಪ್ರಿಲ್ 6

ಪರೀಕ್ಷಕಮ್ಮ,

ನಿಮ್ಮ ಕಾಗದದ ಮೊದಲ ಸಾಲು ಓದಿ ಹಾಲ್‌ನಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಂಟಿನ ಡಬ್ಬ ಉರುಳಿತು. ಸೂಪರ್‌ವೈಸರ್ ಬಂದು "ಯಾರಾದ್ರೂ ಸತ್ರಾ?" ಅಂದ. "ಇಲ್ಲ, ಒಬ್ಬ ಬದುಕಿದ" ಅಂದೆ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕಿರುಬೆರಳಿನಷ್ಟು ಭಾಗ ಅಂತೆಲ್ಲ ಅಂದಾಗ ಅರ್ಧ ಜನ ಆಕಳಿಸಿದರು. ಆಗ ನಾನು ನಮ್ಮ ಭಾಷೆಯಲ್ಲಿ ಹೇಳಿದೆ. ನೋಡ್ರೇ, ಗೇಟಿನ ಹತ್ತಿರ ಹಾಜರಿ ಪುಸ್ತಕ ಇದೆಯಲ್ಲ, ಮೇಷ್ಟ್ರ ತಲೆಯಲ್ಲಿ ಅದು ಸುಟ್ಟುಹೋಗಿದೆ. ಪದಗಳು ಬಂದಿವೆ, ಒಳಗೆ ದುಡಿದಿವೆ, ಕೆಲಸ ಮುಗಿಸಿವೆ. ಆದರೆ ಪುಸ್ತಕದಲ್ಲಿ ಹೆಸರಿಲ್ಲ. ಈಗ ಮಾಲೀಕ ಏನಂತಾನೆ? ಹೆಸರಿಲ್ಲ ಅಂದ್ರೆ ಬಂದೇ ಇಲ್ಲ ಅಂತಾನೆ. ಇಲ್ಲಾ, ಕೆಲಸ ಆಗಿದೆ ಅಂದ್ರೆ ಕಳ್ಳತನದಿಂದ ಒಳಗೆ ಬಂದ ಅಂತಾನೆ. ಎರಡರಲ್ಲೂ ತಪ್ಪು ದುಡಿದವನದೇ!

ಒಬ್ಬರೂ ಆಕಳಿಸಲಿಲ್ಲ. ಹಾಜರಿ ಹಾಕದೆ ದುಡಿಸಿಕೊಂಡ ದಿನಗಳು ಎಲ್ಲರ ಬಳಿಯೂ ಇದ್ದವು.

ಈಗ ನಮ್ಮ ತೀರ್ಮಾನ. ಮೇ ಮೊದಲ ವಾರ ನಲವತ್ತು ಜನ ಹೊರಟು ನಿಮ್ಮ ಆಸ್ಪತ್ರೆ ಮುಂದೆ ಬ್ಯಾನರ್ ಹಿಡಿದು ಕೂರುತ್ತೇವೆ. ಆ ಸಾಲು ಬರೆದವನ ಹೆಸರು ಬೇಕು. ನಿಮ್ಮ ಮುಖ್ಯಸ್ಥನೇ ತಾನೇ? ಹೇಳಿ, ಬ್ಯಾನರಿನ ಮೇಲೆ ದಪ್ಪಕ್ಷರದಲ್ಲಿ ಬರೆಸುತ್ತೇವೆ. ನೀವು ಹೆದರಬೇಡಿ, ನೀವು ನಮ್ಮ ಕಡೆಯವರು.

ಬಾಗಿಲ ವಿಷಯ ಅಷ್ಟು ಮುಖ್ಯವಲ್ಲ, ಬಿಡಿ. ಅವನು ಬಿದ್ದದ್ದು ನಿಜ, ನೀಲಿಗಟ್ಟಿದ್ದು ನಿಜ. ಅಷ್ಟು ಸಾಲದಾ?

ಮೇಷ್ಟ್ರ ಅಕ್ಕ

*

ಏಪ್ರಿಲ್ 14

ಅಕ್ಕನವರೇ,

ಬ್ಯಾನರ್ ಬೇಡ. ದಯವಿಟ್ಟು ಬೇಡ. ಮುಖ್ಯಸ್ಥರ ಹೆಸರನ್ನು ಎಲ್ಲಿಯೂ ಬರೆಯಿಸಬೇಡಿ.

ಅಷ್ಟು ಸಾಲದು. ರಕ್ತ ತೆಗೆದದ್ದು ಅವರನ್ನು ಹೊರಗೆ ತಂದು ಎರಡು ಗಂಟೆಯ ಮೇಲೆ. ಅಷ್ಟರಲ್ಲಿ ಆಮ್ಲಜನಕ ಕೊಟ್ಟಾಗಿತ್ತು, ಅದರಲ್ಲಿ ಏನೂ ಕಾಣುವುದಿಲ್ಲ. ಬಾಗಿಲು ತೆರೆದಿದ್ದರೆ ಬರೀ ತಲೆಸುತ್ತಿ ಬಿದ್ದರು ಎಂದು ಪ್ರೆಸ್ಸಿನ ವಕೀಲರು ಹೇಳುತ್ತಾರೆ. ಆಗ ನನ್ನ ಹದಿನಾಲ್ಕು ಪದಗಳ ವಾದ ಗಾಳಿಯಲ್ಲಿ ನಿಲ್ಲುತ್ತದೆ. ಬಾಗಿಲು ಮುಚ್ಚಿತ್ತೇ? ಎಷ್ಟು ಹೊತ್ತು? ನಿಮಗೆ ಗೊತ್ತಿದೆ ಅನ್ನಿಸುತ್ತಿದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವವರು ನೀವು, "ಬಿಡಿ" ಎನ್ನುವವರಲ್ಲ.

ಉಳಿದಿರುವುದು ನಾಲ್ಕು ವಾರ.

ಪರೀಕ್ಷಕಿ

*

ಏಪ್ರಿಲ್ 22

ಪರೀಕ್ಷಕಮ್ಮ,

ಬಾಗಿಲು ಮುಚ್ಚಿತ್ತು. ಮುಚ್ಚಿಸಿದವಳು ನಾನು.

ಬಿಡಿಸಿ ಹೇಳುತ್ತೇನೆ. ತೊಳೆಯುವ ಕೋಣೆ ನಮ್ಮ ಹಾಲ್‌ನ ಪಕ್ಕದ್ದು. ಬಾಗಿಲು ಸದಾ ತೆರೆದಿರುತ್ತಿತ್ತು, ಥಿನ್ನರ್ ನಾತವೆಲ್ಲ ನಮ್ಮ ಕಡೆ ನುಗ್ಗುತ್ತಿತ್ತು. ಎರಡು ವರ್ಷದ ಹಿಂದೆ ನಮ್ಮಲ್ಲಿ ಮೂವರು ಕೆಲಸದ ಹೊತ್ತಲ್ಲೇ ವಾಂತಿ ಮಾಡಿಕೊಂಡರು, ಒಬ್ಬಳು ಬಸುರಿ. ಸಂಘ ಮುಷ್ಕರಕ್ಕೆ ಇಳಿಯಿತು. ಬೇಡಿಕೆ ಪತ್ರ ಬರೆದವಳು ನಾನು. ಒಂದನೆಯದು, ತೊಳೆಯುವ ಕೋಣೆಯ ಬಾಗಿಲು ಸದಾ ಮುಚ್ಚಿರಬೇಕು. ಎರಡನೆಯದು, ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಹಾಕಬೇಕು.

ಆರು ದಿನಕ್ಕೆ ಮ್ಯಾನೇಜರ್ ಕರೆದ. "ನಿಮ್ಮ ಮೊದಲ ಬೇಡಿಕೆ ಒಪ್ಪಿದ್ದೀನಿ, ಎರಡನೇದು ಮುಂದಿನ ವರ್ಷ ನೋಡೋಣ" ಅಂದ. ಅವತ್ತೇ ಸಂಜೆ ಬಾಗಿಲಿಗೆ ಸ್ಪ್ರಿಂಗ್ ಬಂತು, ತಾನಾಗಿ ಮುಚ್ಚಿಕೊಳ್ಳುವ ಚಿಲಕ ಬಂತು. ನಾನು ಒಪ್ಪಂದಕ್ಕೆ ಸಹಿ ಹಾಕಿದೆ. ಗೆದ್ದೆವು ಅಂತ ಗೇಟಿನ ಮುಂದೆ ಘೋಷಣೆ ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವನು ನನ್ನ ತಮ್ಮ. ಮುಚ್ಚಿದ ಬಾಗಿಲ ಒಳಗೆ ಇರುವವನು ಅವನು ಅಂತ ಅವತ್ತು ನಲವತ್ತು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವನಿಗೂ ಹೊಳೆಯಲಿಲ್ಲ. ನನಗೆ ಹೊಳೆಯಬೇಕಿತ್ತು. ಕಾರ್ಯದರ್ಶಿ ಆಗಿರುವುದು ಮತ್ತೇನಕ್ಕೆ?

ನವೆಂಬರ್ ಹತ್ತೊಂಬತ್ತು. ಅವನು ಒಳಗೆ ಹೋದದ್ದು ಎರಡೂಕಾಲು ಗಂಟೆಗೆ. ಮೂರಕ್ಕೆ ಚಹಾದ ಗಂಟೆ ಹೊಡೆಯಿತು, ಬರಲಿಲ್ಲ. ಚಹಾ ತಪ್ಪಿಸುವ ಮನುಷ್ಯನಲ್ಲ. ಮೂರೂ ಐದಕ್ಕೆ ನಾನೇ ಬಾಗಿಲು ನೂಕಿದೆ. ಐವತ್ತು ನಿಮಿಷ ಮುಚ್ಚಿದ ಕೋಣೆ, ಫ್ಯಾನಿಲ್ಲ, ಕಿಟಕಿಯಿಲ್ಲ. ಬಿದ್ದದ್ದು ಯಾವಾಗಲೋ ಯಾರಿಗೂ ಗೊತ್ತಿಲ್ಲ.

ಬಾಗಿಲ ಮಾತೆತ್ತಿದರೆ ನಿನ್ನ ಪತ್ರ ತೆಗೆಯುತ್ತೇನೆ ಅಂತ ಮ್ಯಾನೇಜರ್ ಡಿಸೆಂಬರಿನಲ್ಲೇ ಹೇಳಿದ್ದಾನೆ. ಅದಕ್ಕೇ ಅವರ ಕಾಗದದಲ್ಲಿ "ತಿಳಿದುಬಂದಿಲ್ಲ". ನನಗೂ ಅದೇ ಅನುಕೂಲ, ಅವನಿಗೂ ಅದೇ ಅನುಕೂಲ. ಮಾಲೀಕರ ಜೊತೆ ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೊಂದಿಕೊಂಡಿರಲಿಲ್ಲ.

ಬೇಡಿಕೆ ಪತ್ರದ ಪ್ರತಿ, ಒಪ್ಪಂದದ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಬಳಸಿಕೊಳ್ಳಿ.

ನೀವೂ ಏನನ್ನೋ ನುಂಗಿಕೊಂಡಿದ್ದೀರಿ. ಆ ಸಾಲು ಯಾರದು ಅಂತ ಮೂರು ಸಲ ಕೇಳಿದೆ, ಮೂರು ಸಲವೂ ಜಾರಿದಿರಿ. ನಾನು ಜಾರಿದ್ದು ಹೀಗೇ, ಆದ್ದರಿಂದ ಗುರುತು ಹಿಡಿದೆ.

ಅಕ್ಕ

*

ಏಪ್ರಿಲ್ 29

ಅಕ್ಕಾ,

ಆ ಸಾಲು ನನ್ನದು.

ಮುಖ್ಯಸ್ಥರು ಓದದೆ ಒಪ್ಪಿದರು ಅನ್ನುವುದು ಅವರ ತಪ್ಪು. ಬರೆದದ್ದು ನಾನು, ಕೋಳಿ ಕೆದರಿದ ಸಹಿ ನನ್ನದು. ಒಂದೂವರೆ ಗಂಟೆ ಅವರ ಎದುರು ಕೂತಿದ್ದವಳು ನಾನೇ. ನನಗೂ ಅವರು ಆ ರಜೆಯ ತಮಾಷೆ ಹೇಳಿದ್ದರು, ಎರಡು ಸಲ. ಎರಡನೇ ಸಲ ನಾನು ನಗಲಿಲ್ಲ. "ಪದೇ ಪದೇ ಅದೇ ಮಾತು, ಅಭ್ಯಾಸ ಮಾಡಿಕೊಂಡು ಬಂದಂತಿದೆ" ಎಂದು ಅಂಚಿನಲ್ಲಿ ಗುರುತು ಹಾಕಿಕೊಂಡೆ.

ಹೇಗೆ ಬರೆದೆ ಎಂದು ಈ ಒಂದು ತಿಂಗಳು ನನ್ನನ್ನೇ ಕೇಳಿಕೊಂಡಿದ್ದೇನೆ. ನಮ್ಮ ಫಾರಂನಲ್ಲಿ ಮೂರು ಚೌಕಗಳಿವೆ: ಸಹಜ, ದೋಷ, ನಟನೆ. ಫೆಬ್ರವರಿಯ ಆ ವಾರ ನಿಮಗಿಂತ ಮೊದಲು ಇಬ್ಬರು ಬಂದಿದ್ದರು. ಇಬ್ಬರೂ ನಿಜಕ್ಕೂ ನಟಿಸುತ್ತಿದ್ದರು, ಒಬ್ಬ ಒಪ್ಪಿಕೊಂಡೂಬಿಟ್ಟ. ಎರಡು ಸಲ ಆ ಪದ ಬರೆದಿದ್ದೆ. ಮೂರನೇ ಫಾರಂ ಕೈಗೆ ಬಂದಾಗ ಹೆಚ್ಚು ಯೋಚನೆ ಬೇಕಾಗಲಿಲ್ಲ. ಮೊದಲು ಹೊಳೆದ ಪದ ಬರೆದೆ. ನಿಮ್ಮ ತಮ್ಮ ಕಂಬಳಿ ಬರೆದರು, ನಾನು ನಟನೆ ಬರೆದೆ. ಅವರ ತಲೆಯೂ ನನ್ನ ತಲೆಯೂ ಮಾಡಿದ್ದು ಒಂದೇ ಕೆಲಸ. ಅವರ ಪದದಿಂದ ಯಾರ ಮನೆಯೂ ಹೋಗುತ್ತಿರಲಿಲ್ಲ.

ಇದನ್ನು ನೆಪ ಎಂದುಕೊಳ್ಳಬೇಡಿ. ಅವರಿಗೆ ಯೋಚಿಸಬೇಡಿ ಎಂದು ನಾನೇ ಸೂಚನೆ ಕೊಟ್ಟಿದ್ದೆ. ನನಗೆ ಯೋಚಿಸಲು ಸಂಬಳ ಕೊಡುತ್ತಾರೆ.

ನನ್ನದು ವರ್ಷ ವರ್ಷ ನವೀಕರಿಸುವ ಕೆಲಸ. ವರದಿ ತಪ್ಪು ಎಂದು ವಿಭಾಗ ಒಪ್ಪುವುದಿಲ್ಲ ಎಂದು ಮುಖ್ಯಸ್ಥರು ನಿನ್ನೆ ಹೇಳಿದರು. ರಜೆ ಹಾಕಿ ನಾನೇ ಬರುತ್ತೇನೆ. ಉತ್ತರದ ಹಾಳೆ, ಹತ್ತು ಜನರ ಹಾಳೆ, ನಿಮ್ಮ ಐವತ್ತು ನಿಮಿಷ, ಎಲ್ಲ ತರುತ್ತೇನೆ. ನೀವು ನಿಮ್ಮ ಪತ್ರದ ಮಾತು ಹೇಳುವುದಾದರೆ ನಾನು ನನ್ನ ಸಾಲಿನ ಮಾತು ಹೇಳುತ್ತೇನೆ.

ತಂಗಿ ಎಂದು ಕರೆಯುವ ಮನಸ್ಸು ಬಂದರೆ ಕರೆಯಿರಿ. ಬರದಿದ್ದರೆ ಬೇಡ.

ಪರೀಕ್ಷಕಿ

*

ಮೇ 19

ತಂಗೀ,

ನಿನ್ನ ಸಾಕ್ಷಿ ಮುಗಿಯುತ್ತಿದ್ದಂತೆ ನಿನ್ನನ್ನು ಹೊರಗೆ ಕಳಿಸಿದರು, ನೀನು ರೈಲಿಗೆ ಓಡಿದೆ. ಆಮೇಲೆ ನಡೆದದ್ದು ಹೇಳುತ್ತೇನೆ.

ಪ್ರೆಸ್ಸಿನ ವಕೀಲ ನನ್ನ ಬೇಡಿಕೆ ಪತ್ರ ಎತ್ತಿಹಿಡಿದ. ಓದಲು ಬಾಯಿ ತೆರೆಯುವಷ್ಟರಲ್ಲಿ ನಾನೇ ಎದ್ದೆ. "ಕೊಡಿ ಇಲ್ಲಿ, ನನ್ನ ಅಕ್ಷರ ನಿಮಗೆ ಬರಲ್ಲ" ಅಂತ ಇಸಿದುಕೊಂಡು ಎರಡೂ ಬೇಡಿಕೆ ಜೋರಾಗಿ ಓದಿದೆ. ಅವನು ಒಂದನೆಯದಕ್ಕೇ ನಿಲ್ಲಿಸಬೇಕು ಅಂತಿದ್ದ.

"ಹಾಗಾದ್ರೆ ಬಾಗಿಲು ಮುಚ್ಚಿಸಿದ್ದು ನೀವೇ ಅಂತ ಒಪ್ಕೋತೀರಾ?"

"ಒಪ್ಕೋತೀನಿ. ಫ್ಯಾನ್ ಹಾಕದೇ ಇದ್ದಿದ್ದು ಯಾರು ಅಂತ ನೀವು ಒಪ್ಕೊಳ್ಳಿ."

ಮಂಡಳಿಯ ಅಧಿಕಾರಿ ವಕೀಲನ ಕಡೆ ತಿರುಗಿ ಕೇಳಿದ್ದು ನಿನ್ನ ಪ್ರಶ್ನೆಯನ್ನೇ. "ನಟನೆ ಮಾಡೋನು ತಾನು ಸಿಕ್ಕಿಹಾಕ್ಕೊಳ್ಳೋ ಹದಿನಾಲ್ಕು ಪದ ಯಾಕ್ರೀ ಬರೀತಾನೆ?" ವಕೀಲ ಕಾಗದ ಮಗುಚಿದ, ಮಗುಚುತ್ತಲೇ ಇದ್ದ.

ನಿನ್ನೆ ಆದೇಶ ಬಂತು. ನಟನೆ ಅನ್ನುವ ಸಾಲನ್ನು ತೆಗೆದುಹಾಕಿದ್ದಾರೆ. ಮನೆ ಉಳಿಯಿತು, ಔಷಧಿ ಉಳಿಯಿತು. ಫ್ಯಾನ್ ಹಾಕುವ ತನಕ ತೊಳೆಯುವ ಕೋಣೆಗೆ ಬೀಗ. ಆ ಕೋಣೆಯಲ್ಲಿ ದುಡಿದ ಉಳಿದ ಹನ್ನೊಂದು ಜನರಿಗೂ ನೆನಪಿನ ಪರೀಕ್ಷೆ ಆಗಬೇಕು ಅಂದಿದ್ದಾರೆ. ಜೊತೆಗೆ "ಬಾಗಿಲು ಸಂಘದ ಬೇಡಿಕೆಯ ಮೇರೆಗೆ ಮುಚ್ಚಲ್ಪಟ್ಟಿತ್ತು" ಅಂತಲೂ ಬರೆದಿದ್ದಾರೆ. ಸಂಘದಲ್ಲಿ ಅರ್ಧ ಜನ ನನ್ನ ಜೊತೆ ಮಾತಾಡುತ್ತಿಲ್ಲ. ಶುಕ್ರವಾರ ಸಭೆ ಇದೆ, ಕಾರ್ಯದರ್ಶಿ ಕೆಲಸ ಬಿಡುತ್ತೇನೆ. ಸದಸ್ಯತ್ವ ಬಿಡುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಕೂಗುತ್ತೇನೆ.

ಆದೇಶದ ಮೂರು ಪ್ರತಿಗೆ ಅವನು ಓದಿ ಸಹಿ ಹಾಕಬೇಕಿತ್ತು. ಒಂದನ್ನು ನಿನ್ನೆ ಬೆಳಿಗ್ಗೆ, ಒಂದನ್ನು ಮಧ್ಯಾಹ್ನ, ಮೂರನೆಯದನ್ನು ಇವತ್ತು ಕೊಟ್ಟೆ. ಬೇಕೆಂದೇ ಹಾಗೆ ಮಾಡಿದೆ. ಮೊದಲ ಸಲ ಕಾನೂನಿನ ಪದಗಳಿಗೆ ಎಡವುತ್ತಾ ಓದಿದ, ಒಂಬತ್ತು ನಿಮಿಷ. ಎರಡನೇ ಸಲ ಆರು. ಇವತ್ತು ನಾಲ್ಕು, ಎಲ್ಲೂ ಎಡವಲಿಲ್ಲ. ಮೂರು ಸಲವೂ ಓದಿ ತಲೆಯೆತ್ತಿ "ಇದೇನೇ ಅಕ್ಕಾ, ಯಾವಾಗ ಬಂತು ಇದು?" ಅಂದ. ಮೂರು ಸಲವೂ ಅವನ ಮುಖ ಕೆಂಪಾಯಿತು.

"ನಾನು ಸುಳ್ಳು ಹೇಳ್ತೀನಿ ಅಂದ್ರಾ? ನಾನಾ?"

ನನ್ನ ಸಿಟ್ಟು ಈಗೀಗ ಹಳಸಿದೆ, ತಂಗೀ. ಅವನದು ಪ್ರತಿ ಸಲ ಹೊಸದು.

ಮೂರನೇ ಪ್ರತಿ ಆಸ್ಪತ್ರೆಗೆ ಸೇರಬೇಕಾದದ್ದು, ಇದರ ಜೊತೆಗಿದೆ. ಸಹಿಯ ಕೆಳಗೆ ಅವನು ಒಂದು ಸಾಲು ಬರೆದುಬಿಟ್ಟಿದ್ದಾನೆ: "ನನ್ನನ್ನು ಸುಳ್ಳುಗಾರ ಎಂದವರು ಯಾರು? ಎದುರಿಗೆ ಬಂದು ಹೇಳಲಿ." ಅಳಿಸಿ ಕಳಿಸು ಅಂದ ಮಂಡಳಿಯ ಗುಮಾಸ್ತ. ನಾನು ಅಳಿಸಲಿಲ್ಲ. ನೀನು ಉತ್ತರ ಕೊಡಲೇಬೇಕು ಅಂತಿಲ್ಲ. ಅವನಿಗೆ ತಾನು ಕೇಳಿದ್ದೇ ಈಗ ಗೊತ್ತಿಲ್ಲ.

ಅಕ್ಕ

*

ಮೇ 27

ಮೇಷ್ಟ್ರೇ,

ಮಂಡಳಿಯ ಆದೇಶದ ಕೆಳಗೆ ನೀವು ಒಂದು ಪ್ರಶ್ನೆ ಕೇಳಿದ್ದೀರಿ. ಕೇಳಿದ್ದು ನಿಮಗೆ ನೆನಪಿರುವುದಿಲ್ಲ, ಆದರೆ ಅಕ್ಷರ ನಿಮ್ಮದು. ಅಕ್ಕನವರನ್ನು ಕೇಳಿ, ತೋರಿಸುತ್ತಾರೆ.

ನಿಮ್ಮನ್ನು ಸುಳ್ಳುಗಾರ ಎಂದು ಬರೆದವಳು ನಾನು. ಫೆಬ್ರವರಿಯಲ್ಲಿ ನಿಮ್ಮನ್ನು ಪರೀಕ್ಷೆ ಮಾಡಿದೆ. ನಾನು ಹೇಳಿದಷ್ಟನ್ನೇ ನೀವು ಮಾಡಿದಿರಿ, ಒಂದು ಪದವನ್ನೂ ಬಚ್ಚಿಡಲಿಲ್ಲ. ನಾನು ಅವಸರದಲ್ಲಿ ತಪ್ಪು ಬರೆದೆ. ನೀವು ನಿಜ ಹೇಳಿದ್ದಿರಿ.

ಆಸ್ಪತ್ರೆಯಲ್ಲಿ ನನ್ನ ಕೆಲಸ ಈ ತಿಂಗಳಿಗೆ ಮುಗಿಯುತ್ತದೆ. ನಿಮ್ಮ ಪ್ರೆಸ್ಸಿನ ಹನ್ನೊಂದು ಜನರನ್ನು ಪರೀಕ್ಷಿಸಲು ಮಂಡಳಿಯಿಂದ ಅನುಮತಿ ಕೇಳಿ ಪಡೆದಿದ್ದೇನೆ. ಶನಿವಾರ ಬೆಳಿಗ್ಗೆ ಬರುತ್ತೇನೆ, ಮೊದಲು ನಿಮ್ಮ ಮನೆಗೆ. ಈ ಕಾಗದದಲ್ಲಿ ಬರೆದದ್ದನ್ನು ಎದುರಿಗೆ ಕೂತು ಹೇಳುತ್ತೇನೆ. ನಿಮಗೆ ಸಿಟ್ಟು ಬರುತ್ತದೆ, ಬೈಯಿರಿ. ಮಧ್ಯಾಹ್ನ ನಾನು ಯಾರೆಂದು ಮತ್ತೆ ಕೇಳಿದರೆ ಮತ್ತೆ ಹೇಳುತ್ತೇನೆ, ಮತ್ತೆ ಬೈಯಿರಿ. ಭಾನುವಾರವೂ ಅಷ್ಟೇ.

ನಿಮಗೆ ಮರೆತುಹೋಗುತ್ತದೆ ಎಂಬುದು ನನಗೆ ಸಿಕ್ಕ ರಿಯಾಯಿತಿಯಲ್ಲ.

ಪರೀಕ್ಷಕಿ